ಕದಲದ ಬೆಳಕಿನ ಬುರ್ಗಿ

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೊದಲ ಟ್ರಾಮ್ ಹೊರಡುವ ಮುನ್ನವೇ ನೊಟ್ಬುರ್ಗಾ ಫುರ್ಟ್‌ಶೆಲ್ಲರ್ ಪ್ರಯೋಗಾಲಯದ ನೆಲಮಾಳಿಗೆಗೆ ಇಳಿದಾಗಿದೆ. ಉಕ್ಕಿನ ಮೇಜಿನ ತುಂಬ ಪುಟ್ಟ ಪುಟ್ಟ ಕನ್ನಡಿಗಳು. ಒಂದೊಂದರ ತಿರುಪನ್ನೂ ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದಂತೆ ತಿರುಗಿಸುತ್ತಾರೆ. ಟ್ರಾಮ್ ಓಡಿದರೆ ನೆಲ ನಡುಗುತ್ತದೆ. ಅಷ್ಟರೊಳಗೆ ಎರಡು ಲೇಸರ್ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡಬೇಕು.

ಕನ್ನಡಿ ಹೊಂದಿಸುವ ಈ ತಂತ್ರಜ್ಞೆ ಇಲ್ಲಿ ಎಲ್ಲರಿಗೂ ಬುರ್ಗಿ. ಪದವಿ ಪಡೆದು ಹೋದವರ ಭಾವಚಿತ್ರಗಳು ಗೋಡೆಯ ಮೇಲಿವೆ, ಬುರ್ಗಿಯದು ಇಲ್ಲ. ಈ ಶುಕ್ರವಾರ ನಿವೃತ್ತಿ.

ಗಾಜಿನ ಗೂಡಿನೊಳಗೆ ಪರಮಾಣುಗಳನ್ನು ಊಹೆಗೂ ಮೀರಿ ತಣ್ಣಗಾಗಿಸಿದರೆ ಅವು ತಮ್ಮ ಪ್ರತ್ಯೇಕತೆ ಮರೆತು ಒಂದೇ ಮೋಡವಾಗುತ್ತವೆ. ವಿಜ್ಞಾನಿಗಳು ಅದನ್ನು ಕಂಡೆನ್ಸೇಟ್ ಎನ್ನುತ್ತಾರೆ. ಬುರ್ಗಿ ಕೂಡಿಸಿದ ಕಿರಣಗಳು ತಾಕಿದಾಗ ಪರಮಾಣುಗಳು ಜೋಡಿಯಾಗಿ ಅಣುಗಳಾಗಬೇಕು. ಮೋಡ ಬಿಸಿಯಾಗಬಾರದು, ಚದುರಬಾರದು. ತಮಾಷೆಯೆಂದರೆ ಅಣುಗಳು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಕಂಪ್ಯೂಟರ್ ಪರದೆ ಬರಿದಾಗುತ್ತದೆ. ಅವೇ ಕಿರಣಗಳನ್ನು ಹಿಂದುಮುಂದಾಗಿ ಹಾಯಿಸಿ ಅಣುಗಳನ್ನು ಒಡೆದಾಗ ಪರಮಾಣುಗಳ ಮೋಡ ಮರಳಬೇಕು. ಮರಳಿದರೆ ಗೆದ್ದಂತೆ.

ತಿಂಗಳಿಂದ ಅದು ಮರಳಿಲ್ಲ.

"ನಿನ್ನ ಕನ್ನಡಿಗಳೂ ನಿನ್ನ ಜೊತೆಗೇ ರಿಟೈರ್ ಆಗೋ ಹಾಗಿವೆ, ಬುರ್ಗಿ," ಎಂದು ತಂಡದ ಮುಖ್ಯಸ್ಥ ಗೆರ್ನೊಟ್ ಕಿಚಾಯಿಸುತ್ತಾನೆ.

"ಬಾಯ್ಮುಚ್ಕೊಂಡು ಕಾಫಿ ಕುಡಿ. ಇದನ್ನ ಹೀಗೇ ಬಿಟ್ಟು ಹೋಗೋಳಲ್ಲ ನಾನು."

ಅವನು ಹೋದ ಮೇಲೆ ಅವರ ಮುಖ ಸಪ್ಪಗಾಗುತ್ತದೆ. ಬುರ್ಗಿಯ ಕೈ ಕೊನೆಗಾಲದಲ್ಲಿ ಸೋತಿತು ಎಂಬ ಮಾತು ಉಳಿದುಬಿಟ್ಟರೆ ಎಂಬುದೇ ಅವರ ಭಯ.

ಕನ್ನಡಿಗಳ ಕೆಲಸ ಮುಗಿದರೂ ಅವರು ಮೇಜಿನ ಪಕ್ಕದ ಸ್ಟೂಲು ಬಿಟ್ಟು ಏಳುವುದಿಲ್ಲ. ಅವರ ಬಗ್ಗೆ ಬರೆಯಲು ಬಂದಿರುವ ನಾನು ಯಾಕೆಂದು ಕೇಳುತ್ತೇನೆ.

"ಮನೇಲಿ ಏನಿದೆ ಹೇಳಿ? ತಂಗಿ ತೀರ್ಕೊಂಡ ಮೇಲೆ ಅಡುಗೆಮನೇಲಿ ಗಡಿಯಾರದ ಸದ್ದೊಂದೇ. ಇಲ್ಲಿ ಆದ್ರೆ ಗಾಜಿನ ಗೂಡಿನ ಗಾಳಿ ಎಳೆಯೋ ಪಂಪು ಗುಂಯ್ ಅಂತಿರುತ್ತೆ. ಇನ್ನೆಷ್ಟು ದಿನ ಅಂತ ಸ್ವಲ್ಪ ಹೊತ್ತು ಕೂತಿರ್ತೀನಿ, ಆಮೇಲೆ ಇನ್ನೊಂದ್ಸಲ ಕನ್ನಡಿ ನೋಡಿ..."

ಅವರಿಗೆ ಥಟ್ಟನೆ ಏನೋ ಹೊಳೆಯುತ್ತದೆ. ಅವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರೆ.

ಇಷ್ಟು ವರ್ಷ ಕೆಲಸ ಮುಗಿದ ಕೂಡಲೇ ಹೊರಗೆ ಬರುವುದು ಅವರದೇ ಕಟ್ಟಳೆಯಾಗಿತ್ತು. ಮೈಯ ಶಾಖಕ್ಕೂ ಕನ್ನಡಿಗಳನ್ನು ಹಿಡಿದ ಕಂಬಿಗಳು ತುಸು ಹಿಗ್ಗುತ್ತವೆ. ಈಚೆಗೆ ತಾವು ಕೂತು ಬೆಚ್ಚಗಾದ ಕೋಣೆಯಲ್ಲಿ ಕಿರಣ ಕೂಡಿಸುತ್ತಿದ್ದರು. ಅವರು ಎದ್ದುಹೋದ ಮೇಲೆ ಕೋಣೆ ತಣ್ಣಗಾಗಿ ಕಿರಣಗಳು ದೂರವಾಗುತ್ತಿದ್ದವು. ಕೆಡುಕು ಕನ್ನಡಿಯದಲ್ಲ, ಅವರ ಒಂಟಿತನದ್ದು.

ಮರುದಿನ ಅವರು ಕೂರುವುದಿಲ್ಲ. ತಣ್ಣನೆಯ ಕೋಣೆಯಲ್ಲಿ ಬೇಗ ಬೇಗ ತಿರುಪು ತಿರುಗಿಸಿ, ಬಾಗಿಲೆಳೆದುಕೊಂಡು ಮೊಗಸಾಲೆಯ ಬೆಂಚಿಗೆ ಬರುತ್ತಾರೆ. ಪಕ್ಕದ ಕೋಣೆಯ ಪರದೆಯಲ್ಲಿ ಮೋಡ ಮಾಯವಾಗುತ್ತದೆ. ಆಮೇಲೆ ಮಸುಕಾಗಿ, ಸರಿಯಾಗಿ ಮೊದಲಿನ ಜಾಗದಲ್ಲೇ, ಅದು ಮರಳುತ್ತದೆ.

ಗೆರ್ನೊಟ್ ಓಡಿ ಬರುತ್ತಾನೆ. "ಏನಾಗಿತ್ತು ಬುರ್ಗಿ? ಯಾವ ಕನ್ನಡಿ?"

"ಕನ್ನಡಿ ಅಲ್ವೋ, ನಾನು. ಎದ್ದು ಹೊರಗೆ ಬಂದೆ ಅಷ್ಟೆ."

ಅವನು ತಮಾಷೆಯೆಂದುಕೊಂಡು ನಗುತ್ತಾನೆ, ಕೈಹಿಡಿದು ಪರದೆಯ ಮುಂದೆ ಕೂರಿಸುತ್ತಾನೆ. ಅವರು ಆ ಮೋಡವನ್ನು ಬಹಳ ಹೊತ್ತು ನೋಡುತ್ತಾರೆ.

ನಿವೃತ್ತಿಯ ನಂತರ ಏನು ಆಸೆ ಎಂದು ಕೇಳಿದರೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳುತ್ತಾರೆ: "ಒಮ್ಮೊಮ್ಮೆ ಬರೋಕೆ ಬಿಟ್ರೆ ಸಾಕು. ಒಳಗೆ ಕಾಲಿಡಲ್ಲ, ಈ ಬೆಂಚಿನ ಮೇಲೇ ಕೂತಿರ್ತೀನಿ. ಪಂಪಿನ ಸದ್ದು ಇಲ್ಲಿಗೂ ಕೇಳ್ಸುತ್ತೆ."