ಶಿವರಾತ್ರಿ ಮರುದಿನದ ಮಾತ್ರೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಚಳಿಯ ಜೊತೆ ನನ್ನ ಗಂಡನ ಬಿಪಿಯೂ ಇಳಿಯುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಡಾಕ್ಟರು ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿಡ್ನಿ ಕೈಕೊಟ್ಟ ಮೇಲೆ ಇವರನ್ನು ವಾರಕ್ಕೆರಡು ಸಲ ಕೊಟ್ಟೂರಿನಿಂದ ಹರಪನಹಳ್ಳಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಆ ಚಳಿಗಾಲದಲ್ಲಿ ಬಿಪಿ ನೂರಾ ಎಂಬತ್ತಕ್ಕೆ ಏರಿತು. ಡಾಕ್ಟರು ಒಂದು ಮಾತ್ರೆ ಹೆಚ್ಚಿಗೆ ಬರೆದರು. ವಿಟಮಿನ್ ಡಿ ತೀರಾ ಕಡಿಮೆ ಇದೆ ಎಂದು ವಾರಕ್ಕೊಂದು ಪುಡಿ ಕೊಟ್ಟು, ಬೆಳಗಿನ ಬಿಸಿಲಿಗೂ ಕೂಡಿಸಲು ಹೇಳಿದರು. "ಬ್ಯಾಸಿಗಿ ಬಂದ್ರ ಬಿಪಿ ಇಳೀತೈತ್ರಿ. ಇಳಿಯಾಕ ಹತ್ತಿದ್ರ ತಡಾ ಮಾಡದ ಹೇಳ್ರಿ, ಈ ಮಾತ್ರಿ ಕಡಿಮಿ ಮಾಡೋಣು," ಎಂದಿದ್ದರು.

ಇವರು ತುಂಬುತೋಳಿನ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು, ಅಂಗಳದಲ್ಲಿ ಒಣಹಾಕಿದ್ದ ಮೆಕ್ಕೆಜೋಳದ ಪಕ್ಕ ಗೌಡರಂತೆ ಕೂತರು.

"ಅಂಗಿಗಿ ಬಿಸಲು ಕಾಸಾಕ ಹತ್ತೀರೇನು? ಬಿಚ್ರಿ ಅದನ್ನ," ಎಂದೆ.

"ಮೈ ತೋರಿಸ್ಕೊಂಡು ಕೂಡಾಕ ನಾ ಏನ್ ಪೈಲ್ವಾನನಾ?" ಎಂದು ಗೊಣಗುತ್ತಲೇ ಬಿಚ್ಚಿದರು.

ಶಿವರಾತ್ರಿ ಹತ್ತಿರವಾದಾಗ ಮನೆಯ ಬಿಪಿ ಮಿಷನ್ ನೂರಾ ಹತ್ತು ತೋರಿಸಿತು. ನನಗೆ ಹಿಗ್ಗೋ ಹಿಗ್ಗು. ಬಿಸಿಲು, ಪುಡಿ, ಮಾತ್ರೆ ಮೂರೂ ಸೇರಿ ಗೆದ್ದವು ಎಂದುಕೊಂಡೆ. ಆಸ್ಪತ್ರೆಗೆ ಹೋಗುವ ದಿನ ಮೈಯಲ್ಲಿ ನೀರು ತುಂಬಿ ಬಿಪಿ ತುಸು ಮೇಲೇ ಇರುತ್ತಿತ್ತು, ಹಾಗಾಗಿ ಅಲ್ಲಿ ಯಾರೂ ಕೇಳಲಿಲ್ಲ. ಹೇಳಿದರೆ ಮಾತ್ರೆ ತೆಗೆದುಬಿಟ್ಟಾರು, ಮತ್ತೆ ಏರೀತು ಎಂದು ನಾನೂ ಬಾಯಿ ಬಿಡಲಿಲ್ಲ.

ಇವರು ಶಿವರಾತ್ರಿಯ ಉಪವಾಸ ಬಿಡುವವರಲ್ಲ. ಬಾಳೆಹಣ್ಣು, ಖರ್ಜೂರ ಕಿಡ್ನಿಯವರಿಗೆ ಆಗದೆಂದು ಅವನ್ನೂ ನಾನು ಮುಟ್ಟಗೊಡಲಿಲ್ಲ. ಮರುದಿನ ಡಯಾಲಿಸಿಸ್ ಸರದಿ ಬೆಳಿಗ್ಗೆಯೇ ಇತ್ತು. "ಬಂದ ಮ್ಯಾಲೆ ಪೂಜಿ ಮಾಡಿ ಉಣ್ತೀನಿ," ಎಂದರು.

"ಮಾತ್ರಿಗೇನು ಉಪವಾಸ ಇಲ್ಲ, ನುಂಗ್ರಿ," ಎಂದು ಎರಡೂ ಬಿಪಿ ಮಾತ್ರೆ ಕೈಗಿಟ್ಟೆ.

ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಿಷನ್ ಮೈಯ ನೀರು ಎಳೆಯತೊಡಗಿದ ಎರಡನೇ ತಾಸಿಗೆ ಇವರು ಒಂದೇ ಸಮನೆ ಆಕಳಿಸತೊಡಗಿದರು. ಹಣೆ ಬೆವರಿತು. "ಕಣ್ಣಿಗಿ ಕತ್ಲಿ ಬರಾಕ ಹತ್ತೈತಿ," ಎಂದರು. ನರ್ಸಮ್ಮ ಬಿಪಿ ನೋಡಿದರೆ ಎಪ್ಪತ್ತು. ತಲೆ ತಗ್ಗಿಸಿ, ಕಾಲು ಎತ್ತರಕ್ಕೆ ಮಾಡಿ, ಸಲೈನ್ ಬಿಟ್ಟರು. ಪಾದ ಹಿಡಿದುಕೊಂಡೆ, ತಣ್ಣಗಿತ್ತು. ಮತ್ತೆ ನೋಡಿದರು, ಅರವತ್ತೆಂಟು. ರೀ, ರೀ ಎಂದು ಕೂಗಿದೆ, ಓಗೊಡಲಿಲ್ಲ. ನನ್ನ ಕೈಯಾರೆ ಕೊಂದೆನಲ್ಲಾ ಎಂದುಕೊಂಡೆ.

ಎಷ್ಟೋ ಹೊತ್ತಿನ ಮೇಲೆ ತೊಂಬತ್ತಕ್ಕೆ ಬಂತು.

"ಖಾಲಿ ಹೊಟ್ಟಿಲೆ ಎರಡೆರಡು ಮಾತ್ರಿ ಕೊಟ್ಟೋರು ಯಾರು?" ಡಾಕ್ಟರು ಗದರಿದರು.

ಕಣ್ಣನ್ನೂ ನೆಟ್ಟಗೆ ಬಿಡಲಾಗದ ಇವರು, "ನಾನ ನುಂಗೀನ್ರಿ. ಆಕಿ ಬ್ಯಾಡಂದ್ಲು, ನಾ ಕೇಳ್ಲಿಲ್ಲ," ಎಂದರು. ಬೈಗುಳವೆಲ್ಲ ಇವರಿಗೇ ಬಿತ್ತು. ಊರಲ್ಲೆಲ್ಲ ಮಾತಿನ ಮಲ್ಲಿ ಅನ್ನಿಸಿಕೊಂಡ ನಾನು ಸೆರಗು ಹಿಂಡುತ್ತ ಸುಮ್ಮನೆ ನಿಂತಿದ್ದೆ.

ಈಗ ಪ್ರತಿ ವರ್ಷ ಚಳಿ ಬಿಡುವ ಮೊದಲೇ ಬಿಪಿ ಬರೆದ ಚೀಟಿಯನ್ನು ಡಾಕ್ಟರ ಮುಂದಿಡುತ್ತೇನೆ. "ಏನ್ರಿ ಅಮ್ಮಾ, ಈ ವರ್ಷಾನೂ ನಿಮ್ಮ ಮಾತು ಕೇಳದ ಮಾತ್ರಿ ನುಂಗ್ಯಾರೇನು?" ಎಂದು ಅವರು ನಗುತ್ತಾರೆ.

ಇವರು ನನ್ನ ಮುಖ ನೋಡುವುದಿಲ್ಲ. "ಇಲ್ರಿ, ಈಗ ಆಕಿ ಕೊಟ್ಟಷ್ಟ ನುಂಗ್ತೀನಿ," ಎನ್ನುತ್ತಾರೆ.