ಬಸುರಿನಲ್ಲಿ ಬಿಚ್ಚಿದ ಮುಷ್ಟಿ

ಮೊದಲ ಮಗಳು ಹುಟ್ಟಿದ ವರ್ಷವೇ ನನ್ನ ಬೆರಳಿನ ಗೆಣ್ಣುಗಳು ಬಾತುಕೊಂಡವು. ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗ ನೇಯುವವರು ಗಂಡ. ಮಗ್ಗಕ್ಕೆ ಉದ್ದಕ್ಕೆ ಎಳೆದ ನೂಲಿನ ಹಾಸು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹೊಸೆದು ಕೂಡಿಸುವವಳು ನಾನು. ಆ ಕೆಲಸದಲ್ಲಿ ಓಣಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಂಥವಳಿಗೆ ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಮಗಳ ಅಂಗಿಯ ಗುಂಡಿ ಹಾಕಲು ಅತ್ತೆಯನ್ನು ಕರೆಯಬೇಕಾಗುತ್ತಿತ್ತು. ಇನ್ನೊಂದು ಮಗು ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ.

ಜಮಖಂಡಿಯ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟು ತೋರಿಸಲು ಗಂಡ ಒಬ್ಬರೇ ಹೋಗಿದ್ದರು. ಬಂದವರು ಚಪ್ಪಲಿ ಕೂಡ ಬಿಡದೆ ಹೇಳಿದರು.

"ಇನ್ನೊಂದು ಬಸರಾದ್ರ ಬ್ಯಾನಿ ಹೋಗತೈತಂತ. ಡಾಕ್ಟರ ಹೇಳ್ಯಾರ."

ನಂಬಿದೆ. ಕೈ ವಾಪಸು ಸಿಗುತ್ತದೆಂದರೆ ಏನನ್ನು ಬೇಕಾದರೂ ನಂಬುವ ಸ್ಥಿತಿ ನನ್ನದು.

ಬಸುರಾದೆ, ಹಾಗೇ ಆಯಿತು ಕೂಡ. ನಾಲ್ಕನೆಯ ತಿಂಗಳಿಗೆ ಬಾವು ಇಳಿಯಿತು, ಐದನೆಯದಕ್ಕೆ ಮುಷ್ಟಿ ಸಲೀಸಾಗಿ ಬಿಚ್ಚಿತು. ಹೊಟ್ಟೆ ಮುಂದಿಟ್ಟುಕೊಂಡು ಕುಳಿತು ಇಡೀ ಹಾಸು ಕೂಡಿಸಿದೆ. ಅತ್ತೆ ನನ್ನ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿ, ಎಲ್ಲ ಬೀರಪ್ಪನ ಕೃಪೆ ಎಂದರು. ಗಂಡ ಮಗ್ಗದ ಕಡೆ ಹೋದರು.

ಬಾಣಂತನಕ್ಕೆ ಬೀಳಗಿ ಕಡೆಯ ತವರಿಗೆ ಹೋದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಮನೆ ಮುಳುಗಿ, ತವರು ಆಗ ಸರಕಾರ ಕೊಟ್ಟ ಹೊಸ ಪ್ಲಾಟಿನಲ್ಲಿತ್ತು. ಹೆರಿಗೆಯಾದ ಎರಡನೆಯ ತಿಂಗಳಲ್ಲಿ ಒಂದು ಮುಂಜಾನೆ ಕೂಸನ್ನು ಎತ್ತಿಕೊಳ್ಳಲು ಹೋದರೆ ಮಣಿಕಟ್ಟು ನಿಲ್ಲಲಿಲ್ಲ. ಕೂಸು ಕೆಳಗೆ ಹಾಸಿದ್ದ ಕೌದಿಯ ಮೇಲೆ ಜಾರಿತು. ಅದಕ್ಕೆ ಪೆಟ್ಟಾಗಲಿಲ್ಲ, ನಾನು ಅತ್ತುಬಿಟ್ಟೆ. ನೋವು ಮೊದಲಿಗಿಂತ ಇಮ್ಮಡಿಯಾಗಿತ್ತು.

ಗಂಡನನ್ನು ಕರೆಸಿಕೊಂಡು, ಕೂಸಿನೊಂದಿಗೆ ಮತ್ತೆ ಜಮಖಂಡಿಗೆ ಹೋದೆವು. ಡಾಕ್ಟರರು ನಿಧಾನವಾಗಿ ತಿಳಿಸಿ ಹೇಳಿದರು. ರೋಗದೊಂದಿಗೆ ಹೋರಾಡಬೇಕಾದ ರಕ್ತದ ಬಿಳಿ ಕಣಗಳು ನನ್ನಲ್ಲಿ ಗೆಣ್ಣುಗಳಿಗೇ ನುಗ್ಗಿ ಕಾಡುತ್ತಿದ್ದವಂತೆ. ಬಸುರಿನಲ್ಲಿ ಹಾರ್ಮೋನುಗಳು ಏರಿ, ಕೂಸಿನ ಮೇಲೆ ಬೀಳದಂತೆ ಅವನ್ನು ಹಿಡಿದಿಡುತ್ತವೆ. ಹೊಸದಾಗಿ ತಯಾರಾಗುವ ಕಣಗಳಲ್ಲೂ ಹಲವನ್ನು ಉಳಿದವನ್ನು ತಡೆಯುವ ಕಾವಲಿಗೆ ಪಳಗಿಸುತ್ತವೆ. ಹೆರಿಗೆಯಾಗಿ ಹಾರ್ಮೋನು ಇಳಿದರೆ ಕಡಿವಾಣ ಹೋಯಿತು, ಕಣಗಳು ಮತ್ತೆ ಗೆಣ್ಣಿಗೇ ಹಾಜರು.

"ಹಡದ ಮ್ಯಾಲೆ ಜೋರಾಗಿ ತಿರುಗಿ ಬರತೈತಿ ಅಂತ ನಿಮ್ಮ ಮನಿಯವ್ರಿಗೆ ಆಗ ಹೇಳಿದ್ನೆಲ್ರೀ," ಎಂದರು.

ಗಂಡ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ನನ್ನ ರಕ್ತ ನನಗೇ ತಿರುಗಿಬಿದ್ದದ್ದನ್ನು ಹೇಗೋ ಸಹಿಸಬಹುದಿತ್ತು, ಅದಕ್ಕೆ ತಿಳಿವಳಿಕೆಯಿಲ್ಲ. ಇವರಿಗೆ ಇತ್ತು.

ಬಸ್ಸಿನಲ್ಲಿ ಕೇಳಿದೆ, ಅರ್ಧ ಮಾತು ಯಾಕೆ ನುಂಗಿದಿರಿ ಎಂದು. ಅವರು ನನ್ನ ಕಡೆ ತಿರುಗಲಿಲ್ಲ.

"ಪೂರಾ ಹೇಳಿದ್ರ ನೀ ಹೂಂ ಅಂತಿದ್ದೇನು?"

ಅನ್ನುತ್ತಿರಲಿಲ್ಲ. ಅದನ್ನೇ ಹೇಳಲು ಬಾಯಿ ತೆರೆದೆ. ತೊಡೆಯ ಮೇಲೆ ಕೂಸು ಎಚ್ಚರಾಗಿ ನನ್ನ ಮುಖವನ್ನೇ ನೋಡುತ್ತಿತ್ತು. ಹೂಂ ಅನ್ನುತ್ತಿರಲಿಲ್ಲ ಎಂದರೆ ಈ ಕೂಸು ಬೇಡವಾಗಿತ್ತು ಎಂದಂತೆ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದೂ ಅವರಿಗೆ ಮೊದಲೇ ಗೊತ್ತಿತ್ತು.