ಫ್ರಿಜ್ಜಿನೊಳಗಿನ ತಾಯಿ

ಹಿಟ್ಟಿಗೆ ನೀರು ಕಲಸಿಟ್ಟರೆ ಮನುಷ್ಯನ ಮಾನ ಹೋಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬೇಕರಿಯಿಂದಲೇ ಬ್ರೆಡ್ ತಂದುಕೊಂಡು ತೆಪ್ಪಗಿರುತ್ತಿದ್ದೆ.

ಹೆಂಡತಿ ಸರೋಜ ಮಗಳ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದಳು. ಮಧುಗಿರಿಯ ಮನೆಯಲ್ಲಿ ನಾನೊಬ್ಬನೇ. ನಿವೃತ್ತ ಮೇಷ್ಟ್ರಿಗೆ ಏಕಾಂತ ಸಿಕ್ಕರೆ ಒಂದೋ ಹೋಮಿಯೋಪತಿ ಕಲಿಯುತ್ತಾನೆ, ಇಲ್ಲವೇ ಆತ್ಮಕಥೆ ಬರೆಯುತ್ತಾನೆ. ಊರಿಗೆ ಎರಡೂ ತೊಂದರೆ ಬೇಡವೆಂದು ನಾನು ಬ್ರೆಡ್ ಮಾಡಲು ಹೊರಟೆ. ಮೈಸೂರಿನಲ್ಲಿರುವ ತಂಗಿ ವಿಮಲ ಫೋನಿನಲ್ಲೇ ಗುರುವಾದಳು.

ಅವಳ ಬ್ರೆಡ್ಡಿಗೆ ಅಂಗಡಿಯ ಈಸ್ಟ್ ಬೇಡ. ಗೋಧಿ ಹಿಟ್ಟು, ನೀರು ಕಲಸಿ ಗಾಜಿನ ಜಾಡಿಯಲ್ಲಿಟ್ಟರೆ ಅದು ತಾನೇ ಹುಳಿ ಬಂದು ಬುಳಬುಳನೆ ಉಬ್ಬುತ್ತದೆ. ದಿನಾ ಅರ್ಧ ತೆಗೆದು ಬಿಸಾಡಿ, ಉಳಿದದ್ದಕ್ಕೆ ಹೊಸ ಹಿಟ್ಟು, ನೀರು ಉಣಿಸಬೇಕು. ಈ ಮೂಲ ಹುಳಿಯನ್ನು ವಿಮಲ ‘ತಾಯಿ’ ಎನ್ನುತ್ತಾಳೆ. ಅದರಿಂದ ತೆಗೆದು ಬೆಳೆಸಿದ್ದು ‘ಮರಿ’. ಹಾಲಿಗೆ ಹೆಪ್ಪು ಹಾಕುತ್ತಿದ್ದ, ದೋಸೆ ಹಿಟ್ಟಿನಲ್ಲಿ ಒಂದು ಸೌಟು ನಾಳೆಗೆಂದು ಉಳಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದೆಲ್ಲ ಹೊಸದಲ್ಲ. ಆದರೆ ಅವರು ಹಿಟ್ಟಿನ ಜೊತೆ ನೆಂಟಸ್ತಿಕೆ ಕಟ್ಟಲು ಹೋಗಲಿಲ್ಲ. ಅದು ಅವರ ಜಾಣತನ.

ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹಿತ್ತಲ ಗೋಡೆಯ ಪಕ್ಕ ನಿಂತು ಮಾತಾಡಬೇಕು. ನನ್ನದೋ ಕೊನೆಯ ಬೆಂಚಿಗೂ ಕೇಳುವ ದನಿ. ಗೋಡೆಯಾಚೆ ಗಿರಿಜಮ್ಮನವರ ಮನೆ.

“ತಾಯೀನ ಫ್ರಿಜ್ಜಲ್ಲಿಟ್ಟುಬಿಟ್ಟೆ ವಿಮಲ, ಇನ್ನು ಅದರ ಚಿಂತೆ ಇಲ್ಲ. ಮರಿ ಚೆನ್ನಾಗಿ ಬೆಳೀತಿದೆ. ಹೊತ್ತುಹೊತ್ತಿಗೆ ಉಣಿಸ್ತಿದೀನಿ, ಬೆಚ್ಚಗಿರ್ಲಿ ಅಂತ ನನ್ನ ಪಂಚೆ ಹೊದಿಸಿದೀನಿ. ಸರೋಜಂಗೆ ಮಾತ್ರ ಹೇಳ್ಬೇಡ, ಬಂದ್ಮೇಲೆ ಒಂದೇ ಸಲ ತೋರಿಸ್ತೀನಿ.”

ಇಷ್ಟೇ ನಾನು ಆಡಿದ್ದು.

ಮರುದಿನ ಬೆಳಿಗ್ಗೆ ಪಾವಗಡದಿಂದ ಸರೋಜಳ ತಮ್ಮ ನರಸಿಂಹ ಬಂದಿಳಿದ. ಬಂದವನು ನೀರು ಕೇಳಲಿಲ್ಲ, ಚಪ್ಪಲಿ ಬಿಡಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲಿ ನಾನು ಬಾಗಿಲು ತೆರೆದರೆ ಅವನ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು.

“ಬಾವ, ಮೊದ್ಲು ಫ್ರಿಜ್ ತೆಗಿ.”

“ಯಾಕೋ?”

“ತೆಗಿ ಬಾವ. ಆಯಮ್ಮ ಎಲ್ಲವ್ಳೆ ನೋಡ್ಬೇಕು.”

ತೆರೆದೆ. ಕರಿಬೇವಿನ ಪಕ್ಕದಲ್ಲಿ ಜಾಡಿ ಕೂತಿತ್ತು. ಅವನು ತಟ್ಟೆಗಳ ಹಿಂದೆಲ್ಲ ಇಣುಕಿ, ಕೊನೆಗೆ ನೆಲದ ಮೇಲೆ ಕುಸಿದು ಕುಳಿತ.

“ಅಯ್ಯೋ ದೇವುಡಾ! ಗಿರಿಜಮ್ಮ ಫೋನ್ ಮಾಡಿದ್ರು. ಯಾವ್ದೋ ಕೂಸ್ನ ತಂದು ಮನೇಲಿಟ್ಕೊಂಡವ್ರೆ, ಅದ್ರ ತಾಯೀನ ಫ್ರಿಜ್ಜಲ್ಲಿ...”

ಈಗ ಕುಸಿಯುವ ಸರದಿ ನನ್ನದು. ನಾನು ಕೂಸಿನ ಕಳ್ಳ, ಅದರ ಮೇಲೆ ಕೊಲೆಗಾರ! ಅಷ್ಟರಲ್ಲಿ ಹಿತ್ತಲ ಬಾಗಿಲಿನಾಚೆ ಗೋಡೆಯ ಮೇಲೆ ಗಿರಿಜಮ್ಮನವರ ತಲೆ ಕಾಣಿಸಿತು. ಕಣ್ಣಲ್ಲಿ ನೀರು.

“ಮೇಷ್ಟ್ರೇ, ತಾಯಿ ವಿಸ್ಯ ನಂಗ್ಬ್ಯಾಡ. ಕೂಸ್ಗೆ ಆಲು ಬೇಕಾದ್ರೆ ಕೊಡ್ತೀನಿ, ಉಪಾಸ ಕೆಡವ್‌ಬ್ಯಾಡಿ.”

ನನ್ನನ್ನು ಕೊಲೆಗಾರನೆಂದು ನಂಬಿಯೂ ಹಾಲು ಕೊಡಲು ಬಂದ ಈ ಹೆಂಗಸಿನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಒಳಗೆ ಕರೆದು ಜಾಡಿಯ ‘ತಾಯಿ’ಯನ್ನೂ, ಪಂಚೆ ಸರಿಸಿ ಪಾತ್ರೆಯಲ್ಲಿ ಉಬ್ಬಿದ್ದ ಹಿಟ್ಟಿನ ‘ಕೂಸ’ನ್ನೂ ತೋರಿಸಿದೆ. ಅವರು ಬೆರಳಿನಿಂದ ಒತ್ತಿ, ಅದು ಮೆಲ್ಲಗೆ ಮತ್ತೆ ಉಬ್ಬಿದ್ದನ್ನು ಕಂಡು ಕೈ ಹಿಂದಕ್ಕೆಳೆದುಕೊಂಡರು.

ಇಬ್ಬರಿಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬ್ರೆಡ್ ಆಗುವವರೆಗೂ ಏಳುವುದಿಲ್ಲವೆಂದು ಅಡುಗೆಮನೆಯಲ್ಲೇ ಕೂತರು. ಬ್ರೆಡ್ ಕಲಿಯುವವರಿಗೆ ನನ್ನದೊಂದೇ ಬುದ್ಧಿಮಾತು: ಪಂಚಾಯಿತಿಯ ಮುಂದೆ ಬೇಯಿಸಬೇಡಿ. ತಣ್ಣಗಿನ ಊರಿನವರು ಹೇಳುವ ಹೊತ್ತು ನಮ್ಮ ಊರಿಗೆ ಹೊಂದುವುದಿಲ್ಲ. ಬಿಸಿಲಿಗೆ ಬಂಡೆಬೆಟ್ಟವೇ ಕಾವಲಿಯಂತೆ ಕಾಯುವ ಮಧುಗಿರಿಯಲ್ಲಿ ಹಿಟ್ಟು ಹೇಳಿದ ಹೊತ್ತಿಗಿಂತ ಮೊದಲೇ ಉಬ್ಬಿ ಪಾತ್ರೆಯಿಂದಾಚೆ ಇಳಿದುಬಿಡುತ್ತದೆ. ಗಡಿಯಾರ ಬಿಟ್ಟು ಹಿಟ್ಟಿನ ಮುಖ ನೋಡಬೇಕು. ಸಂಜೆಗೆ ಓವನ್ನಿನಿಂದ ಬಂದದ್ದು ಒಂದು ಕಡೆ ವಾಲಿತ್ತು, ತಳ ಸೀದಿತ್ತು. ಆದರೆ ಕುಯ್ದಾಗ ಒಳಗೆಲ್ಲ ಜೇನುಗೂಡು. ಕಡಲೆಕಾಯಿ ಚಟ್ನಿಯ ಜೊತೆ ಗಿರಿಜಮ್ಮ ಎರಡು ಚೂರು ತಿಂದು, “ಉಳಿ ಐತೆ. ಆದ್ರೂ ನಮ್ಮ ಕೂಸೇ ಅನ್ಸ್ತದೆ” ಎಂದರು. ತೀರ್ಪು ಬಂತು.

ಸರೋಜಳಿಗೆ ಹೇಳದೆ ಗತಿಯಿರಲಿಲ್ಲ. ನರಸಿಂಹನೇ ಹಿತ್ತಲಲ್ಲಿ ನಿಂತು ಫೋನ್ ಮಾಡಿ, ಸ್ಪೀಕರ್ ಹಾಕಿ ಎಲ್ಲವನ್ನೂ ಒದರಿದ. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಅವಳ ದನಿ ತಣ್ಣಗಿತ್ತು.

“ಗಿರಿಜಕ್ಕ ನಂಗೂ ಫೋನ್ ಮಾಡಿದ್ರು ಕಣೋ. ನಕ್ಕು ಇಟ್ಬುಟ್ಟೆ. ಒಂದು ಇರುವೆ ಸಾಯ್ಸೋಕೂ ನನ್ನೇ ಕೂಗೋರು ನಿಮ್ಮ ಬಾವ. ಆದ್ರೆ ನೀನು ಈಗ ಹೇಳಿದ್ದೇ ನಂಬೋಕಾಗ್ತಿಲ್ಲ. ದಿನಾ, ಹೊತ್ತಿಗೆ ಸರಿಯಾಗಿ, ಅವರು ಒಂದು ಜೀವಕ್ಕೆ ಉಣಿಸಿದ್ರಾ? ನಿಜವೇನೋ?”

ನರಸಿಂಹ ನನ್ನ ಮುಖ ನೋಡಿದ. ನಾನು ಫೋನ್ ಕಿತ್ತುಕೊಂಡೆ. ಬಾಯಿಗೆ ಬಂದದ್ದನ್ನು ಕೇಳಿದೆ: “ನಿನ್ನ ಊಟ ಆಯ್ತಾ?”

ಸಿಗ್ನಲ್ ಹೋಯಿತೇನೋ ಎಂದು ಫೋನನ್ನು ಗೋಡೆಯ ಮೇಲಕ್ಕೆತ್ತಿ ಹಿಡಿದೆ. ಆಮೇಲೆ ಗಾಬರಿಯ ದನಿ ಕೇಳಿತು.

“ನರಸಿಂಹ! ಲೇ ನರಸಿಂಹ! ನಿಮ್ಮ ಬಾವನ ಮೈ ಮುಟ್ಟಿ ನೋಡೋ, ಜ್ವರ ಐತಾ?”